ಪೇಂಟರ್ ಮಾವನ ದಪ್ಪಕ್ಷರದ ಪುಟ

ಅಂಗಡಿಗಳ ಬೋರ್ಡು ಬರೆಯುತ್ತಲೇ ತಲೆ ನರೆತ ಅವರನ್ನು ಬೀದಿಯವರೆಲ್ಲ ಪೇಂಟರ್ ಮಾವ ಎನ್ನುತ್ತಿದ್ದರು. ಈಚೆಗೆ ಅವರಿಗೆ ತಮ್ಮದೇ ವೆಬ್ ಪುಟ ಮಾಡುವ ಹುಚ್ಚು ಹಿಡಿಯಿತು. ರೆಡಿಮೇಡ್ ಪುಟ ಬೇಡವೇ ಬೇಡ, ಕೈಯಾರೆ ಬರೆಯಬೇಕು ಎಂಬ ಹಟ ಬೇರೆ. ತಂಗಿಯ ಮಗಳು ಪಕ್ಕದಲ್ಲಿ ಕೂತು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಹೇಳಿಕೊಟ್ಟಳು. ಶೀರ್ಷಿಕೆ ಇಲ್ಲಿಂದ ಶುರು ಎನ್ನಲು ಅದರ ಮುಂದೊಂದು ಟ್ಯಾಗ್ ಎಂಬ ಗುರುತು, ಮುಗಿದ ಮೇಲೆ ಓರೆಗೆರೆ ಸೇರಿಸಿ ಇನ್ನೊಂದು. ಮಾವ ಒಂದೇ ಬೆರಳಲ್ಲಿ ಕುಟ್ಟಿ ಹೆಸರು, ಕೆಲಸ, ಫೋನ್ ನಂಬರ್ ಎಲ್ಲ ಬರೆದರು. ಬ್ರೌಸರಿನಲ್ಲಿ ತೆರೆದರೆ ಪುಟದ ತುಂಬ ದಪ್ಪ ದಪ್ಪ ಅಕ್ಷರ!

“ಮಾವ, ಶೀರ್ಷಿಕೆ ಮುಚ್ಚೋ ಟ್ಯಾಗೇ ಹಾಕಿಲ್ಲ ನೀವು! ಅದಕ್ಕೇ ಕೊನೇತನಕ ಎಲ್ಲಾ ಶೀರ್ಷಿಕೆ ಆಗ್ಬಿಟ್ಟಿದೆ,” ಎಂದು ಅವಳು ಬಿದ್ದು ಬಿದ್ದು ನಕ್ಕಳು.

“ಇಷ್ಟು ದೊಡ್ಡದಾಗಿ ಬರೆಯೋಕೆ ನಂಗೆ ಡಬ್ಬಗಟ್ಟಲೆ ಬಣ್ಣ ಬೇಕಾಗ್ತಿತ್ತು ಕಣೇ,” ಎಂದು ಮಾವನೂ ನಕ್ಕು ತಿದ್ದಲು ಹೊರಟರು.

ಅಷ್ಟರಲ್ಲಿ ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಫೋನ್ ನಂಬರನ್ನು ಗಟ್ಟಿಯಾಗಿ ಓದಿದರು.

“ಕನ್ನಡಕ ಇಲ್ದೇನೂ ಕಾಣ್ತಿದೆಯಲ್ರೀ! ಮುಟ್ಟಬೇಡಿ, ಹಾಗೇ ಇರಲಿ.”

ಮಾವ ಹಾಗೆಯೇ ಬಿಟ್ಟರು. ಮುಂದಿನ ವಾರ ಆ ಪುಟ ನೋಡಿ ಔಷಧಿ ಅಂಗಡಿಯವರು ಫೋನ್ ಮಾಡಿದರು. ಅವರಿಗೂ ಅಷ್ಟೇ ದಪ್ಪ ಅಕ್ಷರದ ಬೋರ್ಡು ಬೇಕಿತ್ತಂತೆ.