ಕೆರೆ ಪಾರ್ಟಿಗೆ ಎಷ್ಟು?

ನಮ್ಮ ಮಾವ ವಯಸ್ಸಿನಲ್ಲಿ ದುರ್ಯೋಧನನಾಗಿದ್ದವರು. ಉತ್ತರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಊರವರೇ ಸೇರಿ ಪೌರಾಣಿಕ ನಾಟಕ ಆಡುತ್ತಿದ್ದರು. ಪಾತ್ರ ಬೇಕಾದವರು ದುಡ್ಡು ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಲೈಟು ಎಲ್ಲ ಅದರಲ್ಲೇ ಆಗಬೇಕು. ಕೃಷ್ಣ, ದುರ್ಯೋಧನರಿಗೆ ರೇಟು ಜಾಸ್ತಿ. ದ್ವಾರಪಾಲಕ ಹೆಚ್ಚುಕಡಿಮೆ ಪುಕ್ಕಟೆ. ಮಾವ ದುರ್ಯೋಧನನೇ ಬೇಕೆಂದು ಹಠ ಹಿಡಿದು ರಸ್ತೆ ಬದಿಯ ತುಂಡು ಜಮೀನು ಮಾರಿದರು. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ, ಕೆಳಗೆ ಬೇಕರಿ. ಅದರ ಮುಂದೆ ಹೋಗುವಾಗಲೆಲ್ಲ ಅತ್ತೆ ನನಗೆ ಬೇಕರಿ ತೋರಿಸಿ, "ನೋಡಮ್ಮ, ದುರ್ಯೋಧನ" ಎನ್ನುತ್ತಾರೆ. ಅಂಥ ದುರ್ಯೋಧನ ಆಮೇಲೆ ಈ ಊರಿಗೆ ಬರಲಿಲ್ಲ ಎಂಬುದೊಂದೇ ಮಾವನ ಉತ್ತರ. ನಮ್ಮ ಮನೆಯಲ್ಲಿ ಆ ನಾಟಕ ನೋಡಿದವರು ಅತ್ತೆ ಒಬ್ಬರೇ. ಅವರು ಅದರ ಬಗ್ಗೆ ಅಭಿಪ್ರಾಯ ಕೊಟ್ಟದ್ದಿಲ್ಲ.

ಮಗಳು ಎಂಟನೇ ಕ್ಲಾಸಿಗೆ ಬಂದಾಗ ಶಾಲೆಯವರು ಐಚ್ಛಿಕ ವಿಷಯ ಆರಿಸಿಕೊಳ್ಳಲು ಹೇಳಿದರು: ಕಂಪ್ಯೂಟರ್ ಸೈನ್ಸ್ ಅಥವಾ ನಾಟಕ. ಅವಳು ನಾಟಕ ಅಂದಳು. ಕಂಪ್ಯೂಟರಿಗಾಗಿ ಯಾರೂ ಜಮೀನು ಮಾರಿಲ್ಲ ಎಂದು ಅತ್ತೆ ವಾದಿಸಿದರು. ಸ್ಕೂಲ್ ಫೀಸ್ ಕಟ್ಟುವ ನನಗೆ ಈ ಮಾತಿನಲ್ಲಿ ಸಂಶಯವಿತ್ತು, ಆದರೂ ತಲೆಯಾಡಿಸಿದೆ. ಮಗಳು ಊಟ ಬಿಟ್ಟಳು. ನಾಟಕವೇ ಆಯಿತು.

ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಅವರ ನಾಟಕ ಒಂದು ಕೆರೆ ಬಡಾವಣೆಯಾಗುವ ಕಥೆ. ನಮ್ಮ ಕಡೆ ಇದಕ್ಕೆ ಹೆಚ್ಚು ಕಲ್ಪನೆ ಬೇಕಾಗಿಲ್ಲ. ಕೆರೆಯದೇ ದೊಡ್ಡ ಪಾತ್ರ, ತುಂಬ ಮಾತು. ಮಗಳಿಗೆ ಸಿಕ್ಕಿದ್ದು ಬೋರ್‌ವೆಲ್ ಲಾರಿ. ಮಾತಿಲ್ಲ, ಸದ್ದು ಮಾತ್ರ. ಅವಳು ಮತ್ತೆ ಊಟ ಬಿಟ್ಟಳು. ಮಾವ ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ವಿಚಾರಿಸಿಕೊಂಡರು.

ಆ ಶನಿವಾರ ಜೆ.ಪಿ. ನಗರದ ಶಾಲೆಯಲ್ಲಿ ಪೋಷಕರ ಸಭೆ. ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ತಾವೂ ಹೊರಟರು. ಮೊಮ್ಮಗಳ ಮೇಲಿನ ಪ್ರೀತಿ ಅಂದುಕೊಂಡೆ. ನಾಟಕದ ಮೇಷ್ಟ್ರು ಗಡ್ಡ ಬಿಟ್ಟ ಚಿಕ್ಕ ವಯಸ್ಸಿನ ಹುಡುಗ. ಮಾವ ಅವರೆದುರು ಕೂತು, ಜೇಬಿನ ಮೇಲೆ ಕೈಯಿಟ್ಟು, ನೇರ ವ್ಯವಹಾರಕ್ಕೆ ಬಂದರು.

"ಮೇಷ್ಟ್ರೇ, ಆ ಕೆರೆ ಪಾರ್ಟಿಗೆ ಎಷ್ಟಾಗುತ್ತೆ? ಈಗ ತಗೊಂಡಿರೋ ಮಗೂಗೆ ದುಡ್ಡು ವಾಪಸ್ ಕೊಟ್ಬಿಡಿ. ನಾನು ಕಟ್ತೀನಿ."

ನಾನು ಗೋಡೆಯ ಮೇಲಿದ್ದ ಟೈಮ್‌ಟೇಬಲ್ ಓದತೊಡಗಿದೆ. ಮೇಷ್ಟ್ರು ನಗಲಿಲ್ಲ. ಅದಕ್ಕೆ ನಾನು ಈಗಲೂ ಋಣಿ.

"ಇಲ್ಲಿ ದುಡ್ಡೇನಿಲ್ಲ ಸಾರ್," ಎಂದರು. "ಎಲ್ಲರ ಹತ್ರಾನೂ ಮಾಡಿಸಿ ನೋಡ್ತೀವಿ. ಯಾರು ಚೆನ್ನಾಗಿ ಮಾಡ್ತಾರೋ ಅವರಿಗೆ ಕೊಡ್ತೀವಿ."

"ಸುಮ್ನೇನಾ?"

ಮೇಷ್ಟ್ರು ಹೌದೆಂದರು. ಮಾವ ಜೇಬಿನ ಮೇಲಿಂದ ಕೈ ತೆಗೆದರು.

ವಾಪಸ್ ಬರುವಾಗ ಆಟೋ ಬನಶಂಕರಿ ದಾಟಿತು. ಮಾವ ರಸ್ತೆ ನೋಡುತ್ತಲೇ ಕೇಳಿದರು.

"ಅವಾಗ್ಲೂ ಹಿಂಗೇ ನೋಡಿ ಕೊಡೋ ಹಂಗಿದ್ದಿದ್ರೆ, ನಂಗೆ ಕೊಡ್ತಿದ್ರೇನಮ್ಮಾ?"

ಕೊಡುತ್ತಿದ್ದರು ಎಂದು ಹೇಳಿಬಿಡಬಹುದಿತ್ತು. ಆದರೆ ಆ ನಾಟಕ ನಡೆದಾಗ ನಾನು ಹುಟ್ಟಿಯೇ ಇರಲಿಲ್ಲ, ಅದು ಅವರಿಗೂ ಗೊತ್ತು. ಬೇಕರಿ ಬಂತು, ಹೋಯಿತು. ಇಬ್ಬರೂ ಅತ್ತ ನೋಡಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಆಟೋದಲ್ಲಿ ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಹಾಲ್‌ನಲ್ಲಿ ಮಾವ ಟಿವಿಯ ಸೌಂಡ್ ಕಡಿಮೆ ಮಾಡಿದ್ದು ಕೇಳಿಸಿತು. ಅತ್ತೆ ಕೈಯಲ್ಲಿದ್ದ ಕಾಳು ಮುಗಿಸಿ, ಇನ್ನೊಂದು ಹಿಡಿ ತೆಗೆದುಕೊಂಡು, ಹಾಲ್‌ಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಇವರಿಗಲ್ದೆ ಇನ್ಯಾರಿಗೆ ಕೊಡ್ತಿದ್ರು? ಸುಮ್ನೆ ಜಮೀನು ಹೋಯ್ತು."

ಹಾಲ್‌ನಲ್ಲಿ ಟಿವಿ ಆಫ್ ಆಯಿತು. ಆಮೇಲೆ ಮಾವ ಮೊಮ್ಮಗಳನ್ನು ಕರೆದು, ಎದುರಿಗೆ ನಿಲ್ಲಿಸಿಕೊಂಡು, ಲಾರಿಯ ಸದ್ದು ಮಾಡಿ ತೋರಿಸಲು ಹೇಳಿದರು. ಅವಳು ಮಾಡಿದಳು. ಹೊಟ್ಟೆಯಿಂದ ಬರಬೇಕು ಎಂದು ಹೇಳಿ ತಾವೇ ಮಾಡಿ ತೋರಿಸಿದರು. ಕೆಳಗಿನ ಮನೆಯ ಬಾಡಿಗೆಯವರು, ಬೋರ್ ಕೊರೆಯುವವರು ಬಂದರಾ ಎಂದು ಕೇಳಿಕೊಂಡು ಮೇಲೆ ಬಂದರು.