ಒಂದು ಬೆರಳಿನ ಸಂದು

ಅವನನ್ನು ಊರೆಲ್ಲ ಕೆಸರಪ್ಪ ಎನ್ನುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರೇನು ಎಂದು ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಿ ಹೇಳಬೇಕಾಗುತ್ತಿತ್ತು. ಕೆಸರಿನ ಮೇಲೆ ಹಗೆ ಸಾಧಿಸುವುದನ್ನೇ ಕಸುಬು ಮಾಡಿಕೊಂಡ ಮನುಷ್ಯನಿಗೆ ಕೆಸರಿನ ಹೆಸರನ್ನೇ ಅಂಟಿಸಿದ್ದು ಊರಿನ ತುಂಟತನ. ಅವನಿಗೂ ಒಳಗೊಳಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು ಅನ್ನಿ.

ಮೊದಲು ಅವನು ಲಾಂಡ್ರಿಯಲ್ಲಿದ್ದ. ಹನ್ನೆರಡು ವರ್ಷ ಊರಿನವರ ಬೆನ್ನಿನ ಮೇಲಿನ ಕೆಸರು ಉಜ್ಜಿದ. ಮಳೆ ಹಿಡಿಯಿತೆಂದರೆ ಬೈಕಿನ ಹಿಂದೆ ಕೂತವರ ಬಟ್ಟೆಗಳೆಲ್ಲ ಒಂದೇ ನಮೂನೆ: ಸೊಂಟದಿಂದ ಕುತ್ತಿಗೆಯವರೆಗೆ ಸಾಲು ಚುಕ್ಕಿ. ಒಂದು ದಿನ, ಒಂದೇ ಅಂಗಿ ವಾರದಲ್ಲಿ ಮೂರನೇ ಸಲ ಬಂದಾಗ ಅವನ ತಲೆ ಕೆಟ್ಟುಹೋಯಿತು. ಇಲ್ಲಿ ಕೂತು ಉಜ್ಜುವ ಬದಲು ಚಕ್ರದ ಹತ್ತಿರವೇ ತಡೆಯಬಾರದೇ ಎಂದು ಬ್ರಶ್ಶನ್ನು ಬಕೆಟ್ಟಿಗೆ ಎಸೆದು ಎದ್ದುಹೋದವನು ಮತ್ತೆ ಲಾಂಡ್ರಿಗೆ ಕಾಲಿಡಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಹಿಟ್ಟಿನ ಗಿರಣಿಯಲ್ಲಿ ಸವೆದುಹೋದ ದಪ್ಪ ರಬ್ಬರ್ ಬೆಲ್ಟು ತರುತ್ತಿದ್ದ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಚಕ್ರದ ದುಂಡಿಗೆ ಬಗ್ಗಿಸುತ್ತಿದ್ದ, ಕಬ್ಬಿಣದ ಪಟ್ಟಿ ಕೊಟ್ಟು ಮಡ್‌ಗಾರ್ಡಿನ ತುದಿಗೆ ಬೋಲ್ಟು ಬಿಗಿಯುತ್ತಿದ್ದ. ಕಂಪನಿಯವರು ಕೊಡುವ ಮಡ್‌ಗಾರ್ಡನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಟೋಪಿ ಹಾಕಿ ಕಳಿಸಿದ್ದಾರೆ, ಅಂಗಿ ಹಾಕೋದು ಮರೆತಿದ್ದಾರೆ ಎನ್ನುತ್ತಿದ್ದ. ಅಳತೆಗೆ ಅವನ ಬಳಿ ಟೇಪಿರಲಿಲ್ಲ. ಟೈರಿಗೂ ರಬ್ಬರಿಗೂ ನಡುವೆ ತನ್ನ ಎರಡು ಬೆರಳು ತೂರಿಸುತ್ತಿದ್ದ, ಸಲೀಸಾಗಿ ಆಡಿದರೆ ಕೆಲಸ ಮುಗಿಯಿತು. ಯಾರೇ ಬರಲಿ, ಎರಡೇ ಬೆರಳು.

ಆದರೆ ಮನುಷ್ಯ ಮಾತ್ರ ಕೂತಲ್ಲಿ ಕೂರುವವನಲ್ಲ. ಊಟವನ್ನೂ ಕಿಟಕಿಯ ಹತ್ತಿರ ನಿಂತೇ ಮಾಡುತ್ತಿದ್ದ, ಒಂದು ತುತ್ತಿಗೆ ನಾಲ್ಕು ಬೈಕಿನ ಚಕ್ರ ನೋಡುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತವರ ಮಡ್‌ಗಾರ್ಡನ್ನು ಹೇಳದೆ ಕೇಳದೆ ಅಲುಗಾಡಿಸಿ ಬೈಸಿಕೊಂಡಿದ್ದು ಎಷ್ಟು ಸಲವೋ. ಯಾರಾದರೂ ಮಾತಾಡುತ್ತಿದ್ದರೆ ಅರ್ಧಕ್ಕೇ ಎದ್ದು ಇನ್ನೇನನ್ನೋ ಹುಡುಕುತ್ತಿದ್ದ. ಹೆಂಡತಿ ಮದುವೆಯಾದ ಮೂರನೇ ತಿಂಗಳಿಗೇ ಅವನಿಗೆ ಉದ್ದದ ವಿಷಯ ಹೇಳುವುದನ್ನು ಬಿಟ್ಟಿದ್ದಳು.

ಒಬ್ಬಳೇ ಮಗಳು ನರ್ಸು. ಕಾಯಿಲೆಯಿಂದ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯಕ್ಕೆ ಬ್ಯಾಂಡೇಜು ಕಟ್ಟಿ ಬರುವ ಕೆಲಸ. ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ. ಈ ಮಳೆಗಾಲಕ್ಕೆ ಮುಂಚೆ ಅವಳು ಬೈಕು ತಗೊಂಡಾಗ ಕೆಸರಪ್ಪನ ಸಡಗರ ಹೇಳತೀರದು. ಕೆಸರಪ್ಪನ ಮಗಳ ಬಿಳಿ ಬಟ್ಟೆಗೆ ಚುಕ್ಕಿ ಬಿದ್ದರೆ ಊರು ನಗದೇ ಇರುತ್ತದೆಯೇ? ಅವಳ ಬೈಕಿಗೆ ಮಾತ್ರ ಎರಡು ಬೆರಳಿನ ಲೆಕ್ಕ ಬಿಟ್ಟು, ಒಂದೇ ಬೆರಳಿನ ಸಂದು ಇಟ್ಟ. ಚಕ್ರವನ್ನು ಅಪ್ಪಿಕೊಂಡ ಹಾಗೆ ಕೂತಿತು ರಬ್ಬರು. ದಿನವೂ ಸಂಜೆ ಅವಳು ಬಂದ ಕೂಡಲೇ ಮೊದಲು ಬಟ್ಟೆ ನೋಡುತ್ತಿದ್ದ, ಆಮೇಲೆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ರಬ್ಬರು ಒರೆಸುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಏನಾದರೂ ಹೇಳುತ್ತಿದ್ದರೆ ಹೂಂಗುಟ್ಟುತ್ತಿದ್ದ. ಒಂದು ಚುಕ್ಕಿ ಇಲ್ಲ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ.

ಹೇಳಿಕೊಂಡಿದ್ದೇ ತಪ್ಪಾಯಿತು. ಮನೆ ಮನೆಗೆ ಬ್ರೆಡ್ಡು ಹಾಕುವವನೊಬ್ಬ ಬಂದು, ಮಗಳಿಗೆ ಹಾಕಿದ ಹಾಗೇ ನನಗೂ ಹಾಕಿಕೊಡಿ ಎಂದು ಗಂಟುಬಿದ್ದ. ಹೊಗಳಿಕೆಗೆ ಉಬ್ಬಿಹೋದ ಕೆಸರಪ್ಪ ಅವನಿಗೂ ಒಂದೇ ಬೆರಳಿಟ್ಟ.

ವಾರ ಕಳೆದಿರಬೇಕು. ಮೂರು ದಿನ ಬಿಡದೆ ಸುರಿದ ಮಳೆ ಬೆಳಿಗ್ಗೆಯಷ್ಟೇ ನಿಂತಿತ್ತು. ಮಗಳು ಕೆಲಸಕ್ಕೆ ಹೋಗಿ ಎರಡು ಗಂಟೆಯಾಗಿತ್ತು. ಬ್ರೆಡ್ಡಿನವನು ಬೈಕಿನ ಮುಂಭಾಗವನ್ನು ಗೂಡ್ಸ್ ಆಟೋದ ಹಿಂದೆ ಎತ್ತಿ ಕಟ್ಟಿಸಿಕೊಂಡು ಬಂದಿಳಿದ. ಪ್ಯಾಂಟಿನ ಮಂಡಿ ಹರಿದು ರಕ್ತ ಮೆತ್ತಿಕೊಂಡಿತ್ತು.

"ಅಣ್ಣಾ, ಕಾಲುವೆ ಏರಿ ಮೇಲೆ ಹೋಗ್ತಿದ್ದೆ. ಮುಂದಿನ ಚಕ್ರ ತಿರುಗೋದೇ ನಿಂತ್ಹೋಯ್ತು. ನಾನು ಈ ಕಡೆ ಬಿದ್ದೆ, ಬ್ರೆಡ್ಡೆಲ್ಲ ಕಾಲುವೆಗೆ ಹೋಯ್ತು. ಆ ಕಡೆ ಬಿದ್ದಿದ್ರೆ ನಾನೂ ಅದರ ಜೊತೆಗೇ ಹೋಗ್ತಿದ್ದೆ."

ಕೆಸರಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು ಚಕ್ರದ ಪಕ್ಕ ಕೂತ. ರಬ್ಬರಿಗೂ ಟೈರಿಗೂ ನಡುವೆ ಜೇಡಿಮಣ್ಣು ಗಾರೆ ಹಾಕಿದ ಹಾಗೆ ಗಟ್ಟಿಯಾಗಿ ತುಂಬಿತ್ತು. ಈ ವರ್ಷ ಏರಿಯ ಗುಂಡಿಗಳಿಗೆ ಜೇಡಿ ಸುರಿದಿದ್ದು ಅವನಿಗೂ ಗೊತ್ತಿತ್ತು. ಎರಡು ಬೆರಳಿನ ಸಂದಾಗಿದ್ದರೆ ಮಣ್ಣು ಉದುರಿಹೋಗುತ್ತಿತ್ತು. ಒಂದು ಬೆರಳಿನಲ್ಲಿ ಅದು ಎಲ್ಲಿಗೆ ಹೋಗಬೇಕು? ಅಷ್ಟು ಹೊಳೆದದ್ದೇ ತಡ, ಸ್ಕ್ರೂಡ್ರೈವರ್ ಬಿಸಾಕಿ ಎದ್ದ. ಮಗಳು ದಿನವೂ ಹೋಗುವುದು ಅದೇ ಏರಿಯ ಮೇಲೆ.

ಫೋನು ಮಾಡಿದ. ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅವಳು ಫೋನನ್ನು ಬ್ಯಾಗಿನಲ್ಲಿಟ್ಟಿರುತ್ತಾಳೆ ಎಂದು ತನಗೇ ಹೇಳಿಕೊಂಡು ಮತ್ತೆ ಮಾಡಿದ, ಮತ್ತೂ ಮಾಡಿದ. ಹೆಂಡತಿ ಒಳಗಿನಿಂದ ಬಂದು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಇವನು ಬೀದಿಯಲ್ಲಿದ್ದ. ಹಳೆಯ ಸ್ಕೂಟರು ನಾಲ್ಕನೇ ಒದೆತಕ್ಕೆ ಶುರುವಾಯಿತು.

ಏರಿಯ ಮೇಲೆ ಅವನ ಕಣ್ಣು ದಾರಿಯಲ್ಲಿರಲಿಲ್ಲ, ನೀರಿನಲ್ಲಿತ್ತು. ಕಾಲುವೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಒಂದು ಕಡೆ ಚಕ್ರ ಜಾರಿದ ಉದ್ದನೆಯ ಗೀರು ಕಂಡಾಗ ಸ್ಕೂಟರನ್ನು ಅಲ್ಲೇ ಬಿಟ್ಟು ಅಂಚಿಗೆ ಓಡಿದ. ಕೆಳಗೆ ಕಲ್ಲಿಗೆ ಸಿಕ್ಕಿ ಬಿಳಿಯದೊಂದು ತೇಲಾಡುತ್ತಿತ್ತು. ಬಗ್ಗಿ ನೋಡಿದರೆ ಬ್ರೆಡ್ಡಿನ ಕವರು. ಕವರಿಗೂ ಬ್ರೆಡ್ಡಿನವನಿಗೂ ತನಗೂ ಸೇರಿಸಿ ಬೈದುಕೊಳ್ಳುತ್ತ ಮುಂದೆ ಹೋದ.

ಏರಿ ಇಳಿದ ಮೇಲೆ ಸಿಗುವ ಮೂರನೇ ಮನೆಯ ಗೇಟಿನ ಬಳಿ ಮಗಳ ಬೈಕು ನಿಂತಿತ್ತು. ಕೆಸರಪ್ಪ ಸ್ಕೂಟರ್ ಒರಗಿಸಿ ಹತ್ತಿರ ಹೋದ. ಮುಂದಿನ ಚಕ್ರಕ್ಕೆ ಅವನ ರಬ್ಬರೇ ಇರಲಿಲ್ಲ. ಕಿತ್ತು ಬಿದ್ದದ್ದಲ್ಲ, ನೀಟಾಗಿ ಬಿಚ್ಚಿದ್ದು. ಅವನ ಬೋಲ್ಟುಗಳ ತುದಿಯಲ್ಲಿ, ಒರೆಸುವಾಗ ಕಣ್ಣಿಗೆ ಬೀಳದ ಒಳಬದಿಯಲ್ಲಿ, ಅವನು ಹಾಕಿರದ, ಸ್ಪ್ಯಾನರ್ ಬೇಡದ, ಕೈಯಲ್ಲೇ ತಿರುಗಿಸುವ ಎರಡು ಕಿವಿಯ ನಟ್ಟುಗಳಿದ್ದವು. ಸೀಟಿಗೆ ಕಟ್ಟಿದ ಚೀಲದಲ್ಲಿ ರಬ್ಬರು ಮಡಿಸಿ ಇಟ್ಟಿತ್ತು.

ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೊರಬಂದ ಮಗಳು ಅಪ್ಪನನ್ನು ಕಂಡು ನಿಂತುಬಿಟ್ಟಳು. ಅವಳ ಬಿಳಿ ಪ್ಯಾಂಟಿನ ಮೇಲೆ ಮಂಡಿಯವರೆಗೂ ಕೆಸರಿನ ಚುಕ್ಕಿಗಳಿದ್ದವು. ಆ ಚುಕ್ಕಿ ಕಂಡು ಕೆಸರಪ್ಪನಿಗೆ ಹುಟ್ಟಿದಂದಿನಿಂದ ಆಗದಷ್ಟು ಸಂತೋಷವಾಯಿತು. ಸಂತೋಷದ ಬೆನ್ನಿಗೇ ಸಿಟ್ಟೂ ಬಂತು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ಒಂದು ತಿಂಗಳಾಯಿತಂತೆ. ಏರಿ ಹತ್ತುವ ಮೊದಲು ಬಿಚ್ಚುತ್ತಾಳಂತೆ, ಸಂಜೆ ಬೀದಿಯ ತಿರುವಿನಲ್ಲಿ ಮತ್ತೆ ಹಾಕಿಕೊಳ್ಳುತ್ತಾಳಂತೆ. ಮನೆಗೆ ಬರುವ ಮೊದಲು ಬದಲಾಯಿಸಲು ಇನ್ನೊಂದು ಜೊತೆ ಬಟ್ಟೆ ಬ್ಯಾಗಿನಲ್ಲೇ ಇರುತ್ತದಂತೆ. ಕೊಳೆಯಾದದ್ದನ್ನು ಅಪ್ಪ ಹೊರಗೆ ಹೋದಾಗ ಅಮ್ಮ ಒಗೆದು ಹಾಕುತ್ತಾಳಂತೆ. ಊರಿಗೆಲ್ಲ ಕೆಸರು ಬಿಡಿಸಿದವನ ಮನೆಯ ಹಿತ್ತಿಲಲ್ಲೇ ಒಂದು ತಿಂಗಳಿಂದ ಲಾಂಡ್ರಿ ನಡೆಯುತ್ತಿತ್ತು.

"ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಹೇಳಿದ್ರೆ ಆ ಬ್ರೆಡ್ಡಿನವನ ಮಂಡಿಯಾದ್ರೂ ಉಳೀತಿತ್ತು."

ಬ್ರೆಡ್ಡಿನವನು ಏರಿಯ ಮೇಲೆ ಬಿದ್ದ ಸುದ್ದಿಯನ್ನು ಅಪ್ಪ ಹೇಳಿದಾಗ ಮಗಳ ಮುಖ ಸಪ್ಪಗಾಯಿತು. ಮೆಲ್ಲಗೆ ಹೇಳಿದಳು.

"ಹೇಳಿದ್ದೆ ಅಪ್ಪಾ. ಎರಡು ಸಲ ಹೇಳಿದ್ದೆ. ಎರಡು ಸಲಾನೂ ನೀನು ರಬ್ಬರು ಒರೆಸ್ತಾ ಇದ್ದೆ. ಹೂಂ ಅಂದೆ, ಒಂದು ಚುಕ್ಕಿನೂ ಇಲ್ಲ ನೋಡು ಅಂದೆ, ಎದ್ದು ಹೋದೆ."

ಕೆಸರಪ್ಪನಿಗೆ ಅವಳು ಬಾಗಿಲಲ್ಲಿ ನಿಂತಿದ್ದು ನೆನಪಿತ್ತು, ಅವಳ ತುಟಿ ಅಲುಗಿದ್ದೂ ನೆನಪಿತ್ತು. ಏನು ಹೇಳಿದ್ದಳೆಂಬುದು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಕೈ ಅಭ್ಯಾಸಬಲದಿಂದ ಚಕ್ರದ ಕಡೆ ಹೋಯಿತು, ಅದನ್ನು ಹಿಂದಕ್ಕೆ ಎಳೆದುಕೊಂಡ. ಗೇಟಿನ ಮುಂದಿನ ಮೆಟ್ಟಿಲ ಮೇಲೆ, ನೆಟ್ಟಗೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತ.

"ಈಗ ಹೇಳು," ಎಂದ.

ಮಗಳು ಶುರುಮಾಡಿದಳು. ಮೊದಲ ಸಲ ಚಕ್ರ ಸಿಕ್ಕಿಕೊಂಡದ್ದು ಏರಿಯ ತಿರುವಿನಲ್ಲಂತೆ. ಅಷ್ಟರಲ್ಲಿ ದೂರದಲ್ಲಿ ಬೈಕೊಂದರ ಸದ್ದಾಯಿತು, ಕೆಸರಪ್ಪನ ಕುತ್ತಿಗೆ ತಾನೇ ತಾನಾಗಿ ಆ ಕಡೆ ತಿರುಗಿತು. ಮಗಳು ಮಾತು ನಿಲ್ಲಿಸಿದಳು. ಅದು ಅವನಿಗೆ ತಟ್ಟಿತು. ಎದ್ದು ಮೆಟ್ಟಿಲ ಇನ್ನೊಂದು ಪಕ್ಕಕ್ಕೆ ಬಂದು, ರಸ್ತೆಗೆ ಬೆನ್ನು ಹಾಕಿ, ಅವಳ ಮುಖ ನೋಡುತ್ತ ಕೂತ. ಕಾಲುವೆಗೆ ಬೀಳಲು ಗೇಣು ದೂರವಿತ್ತು ಎಂದು ಅವಳು ಹೇಳುತ್ತಿದ್ದಳು. ದೂರದಿಂದ ಬಂದ ಆ ಬೈಕು ಗೇಟಿನ ಮುಂದಿನ ನೀರು ತುಂಬಿದ ಗುಂಡಿಗೆ ಇಳಿದು ದಾಟಿಹೋಯಿತು. ಸೊಂಟದಿಂದ ಕುತ್ತಿಗೆಯವರೆಗೆ ಅವನ ಬೆನ್ನಿಗೆ ತಣ್ಣಗೆ ಕೆಸರು ಬಡಿಯಿತು.

"ಆಮೇಲೆ?" ಎಂದ ಕೆಸರಪ್ಪ.