ಗಿಡುಗಕ್ಕೆ ಬಿಟ್ಟುಕೊಡದ ಏಳು ಮರಿಗಳು

ಮಾವಶಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಳಗಾವಿಗೆ ಹೋಗುವಾಗ ತನ್ನ ಕೋಳಿಗಳನ್ನು ನನಗೆ ಒಪ್ಪಿಸಿದಳು. ಖಾನಾಪುರದ ಅಂಚಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಆಕೆ. ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರಿಂದ ನನಗೂ ಮಾವಶಿ. ಕುರಿ ಕಾಯುತ್ತಿದ್ದ ಮನೆತನದವಳು, ಮಾತು ಕಡಿಮೆ. ಆಪರೇಷನ್ ಆದ ಮೇಲೆ ಒಂದು ತಿಂಗಳು ಧೂಳು ಹೊಗೆ ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅಲ್ಲೇ ಮಗಳ ಮನೆಯಲ್ಲಿ ಉಳಿಯಬೇಕಾಗಿತ್ತು.

ನಾನು ಖಾನಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಕ್ಲರ್ಕ್. ನಮ್ಮದು ಬೆಳಗಾವಿಯ ಸದಾಶಿವನಗರದ ಲಿಂಗಾಯತರ ಮನೆ. ಮೊಟ್ಟೆಯ ಟ್ರೇ ಹಿಡಿದವರು ಎದುರು ಬಂದರೂ ಅವ್ವ ಸೆರಗು ಬಾಚಿಕೊಂಡು ಸರಿದು ನಿಲ್ಲುತ್ತಿದ್ದಳು. ಕೋಳಿ ಎತ್ತಿಕೊಳ್ಳುವುದು ಹೇಗೆಂದು ಮೂವತ್ತೆರಡು ವರ್ಷದ ನನಗೆ ಗೊತ್ತಿರಲಿಲ್ಲ. ಆದರೂ ಹೂಂ ಎಂದಿದ್ದೆ.

ಒಂದು ಹುಂಜ, ಆರು ಹೇಂಟೆ, ಇನ್ನೊಂದು ಹೇಂಟೆಯ ಬೆನ್ನಿಗೆ ಹನ್ನೊಂದು ಮರಿ. ಮೂರನೆಯ ಬೆಳಿಗ್ಗೆ ಹುಂಜ ವಿಚಿತ್ರವಾಗಿ ಎಳೆದು ಕೂಗಿತು. ಕೋಳಿಗಳೆಲ್ಲ ಗೋಡಂಬಿ ಗಿಡದ ಬುಡಕ್ಕೆ ನುಗ್ಗಿದವು. ನಾನು ಮುಸುರೆ ಪಾತ್ರೆ ಬಿಟ್ಟು ತಲೆ ಎತ್ತುವಷ್ಟರಲ್ಲಿ ಗಿಡುಗ ಒಂದು ಮರಿಯನ್ನು ಕಾಲಲ್ಲಿ ಹಿಡಿದು ಕಾಂಪೌಂಡು ದಾಟುತ್ತಿತ್ತು. ಮರಿಯ ಕೀರಲು ದನಿ ಹೊಲದಾಚೆಯವರೆಗೆ ಕೇಳುತ್ತಲೇ ಇತ್ತು. ಅಂದು ಕಚೇರಿಯಲ್ಲಿ ಒಂದು ಅರ್ಜಿಯೂ ತಲೆಗೆ ಹತ್ತಲಿಲ್ಲ.

ನನ್ನ ಹಳೆಯ ಚೂಡಿದಾರಕ್ಕೆ ಹುಲ್ಲು ತುಂಬಿ ಬೆರ್ಚಪ್ಪ ನಿಲ್ಲಿಸಿದೆ. ಎರಡು ದಿನ ಗಿಡುಗ ದೂರವಿತ್ತು. ಮೂರನೆಯ ದಿನ ಬೆರ್ಚಪ್ಪನ ತಲೆಯ ಮೇಲೇ ಕುಳಿತು, ಅಲ್ಲಿಂದಲೇ ಎರಗಿ ಎರಡನೆಯ ಮರಿಯನ್ನು ಒಯ್ದಿತು. ಅದೇ ವಾರ ಇನ್ನೆರಡು ಹೋದವು. ಏಳು ಉಳಿದವು.

ಬಾಜು ಹೊಲದವನು ಬಂದು ಬೇಲಿಯ ಹತ್ತಿರ ನಿಂತು ಉಪಾಯ ಹೇಳಿದ. ಸತ್ತ ಮರಿಗೆ ಔಷಧ ಸವರಿ ಕಾಂಪೌಂಡಿನ ಮೇಲಿಟ್ಟರೆ ಎರಡು ದಿನದಲ್ಲಿ ಗಿಡುಗದ ಕಾಟ ಮುಗಿಯುತ್ತದಂತೆ.

"ಅದು ತನ್ನ ಹೊಟ್ಟಿ ನೋಡ್ಕೋತದ, ನಾ ನನ್ನ ಮರಿ ನೋಡ್ಕೋತೀನಿ," ಎಂದೆ. "ವಿಷಾ ಮಾತ್ರ ಈ ಹಿತ್ತಲದಾಗ ಬರೂದಿಲ್ರಿ."

"ಹಂಗಾರ ಉಳದದ್ದೂ ಹೋಗತಾವ್ರಿ ಅಕ್ಕಾರ," ಎಂದು ಅವನು ನಕ್ಕ.

ಆ ನಗು ನನ್ನನ್ನು ಚುಚ್ಚಿತು. ಮರುದಿನ ಸಂತೆಗೆ ಹೋಗಿ ಮೀನಿನ ಬಲೆ ಕೇಳಿದೆ. ಯಾವ ಮೀನಿಗೆ ಬೇಕು, ಹೊಳೆಗೋ ಕೆರೆಗೋ ಎಂದು ಅಂಗಡಿಯವನು ಕೇಳಿದ. ನನ್ನ ಕೊರಳಲ್ಲಿ ಲಿಂಗ, ಕೈಯಲ್ಲಿ ಮೀನಿನ ಬಲೆ. ಆಕಾಶಕ್ಕೆ ಬೇಕು ಎಂದೆ. ಗೋಡಂಬಿ ಗಿಡಗಳಿಗೆ ಹಗ್ಗ ಎಳೆದು, ಏಣಿ ಹತ್ತಿ, ಹಿತ್ತಲ ತುಂಬ ಬಲೆ ಕಟ್ಟಿದೆ. ಹಕ್ಕಿಗಳ ಕಣ್ಣಿಗೆ ಕಂಡು ಅವು ಸಿಕ್ಕಿಬೀಳದಿರಲೆಂದು ಅಲ್ಲಲ್ಲಿ ಸೀರೆಯ ಚೂರು ಬಿಗಿದೆ. ಅಂಗೈ ಬೊಬ್ಬೆ ಎದ್ದಿತು. ಗಿಡುಗ ಬಂದು ಮೇಲೆ ಎರಡು ಸುತ್ತು ಹಾಕಿ ಹೋದಾಗ ನಾನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದೆ.

ಭಾನುವಾರ ಅವ್ವ ಬಂದಳು. ಯಾರೋ ಸುದ್ದಿ ಮುಟ್ಟಿಸಿದ್ದರು. ಕೋಳಿಗಳನ್ನು ಯಾರಿಗಾದರೂ ಕೊಟ್ಟು ಮೊದಲಿನಂತೆ ಬೆಳಗಾವಿಯಿಂದಲೇ ಓಡಾಡು ಎಂದು ಅಂಗಳದಲ್ಲೇ ನಿಂತು ಶುರು ಮಾಡಿದಳು. ನೀರು ಕೂಡ ಕುಡಿಯಲಿಲ್ಲ.

"ಒಪ್ಪಕೊಂಡೀನಿ ಅವ್ವಾ. ಮಾವಶಿ ಬರೂತನಕ ನಾ ಎಲ್ಲೂ ಬರಂಗಿಲ್ಲ."

"ಮಂದಿ ಏನಂತಾರ ಗೊತ್ತೈತೇನು?"

"ಅನ್ಲಿ."

ಅವಳು ಸಿಟ್ಟಿನಿಂದ ಹಿತ್ತಲಿಗೆ ಹೋಗಿ ಬಲೆ ನೋಡಿ ಬಂದಳು. ಬರುವಾಗ ನಡುವಿನ ತಟ್ಟಿ ಬಾಗಿಲು ಹಾಕಲಿಲ್ಲ. ನಾವು ವಾದಿಸುತ್ತಿರುವಾಗಲೇ ಹೇಂಟೆ ಮರಿಗಳನ್ನು ಕರೆದುಕೊಂಡು ಬಯಲು ಅಂಗಳಕ್ಕೆ ಬಂದುಬಿಟ್ಟಿತ್ತು. ಹುಂಜ ಕೂಗಿತು. ಗಿಡುಗ ಚಾವಣಿಯ ಮೇಲಿಂದ ಜಾರಿದಂತೆ ಇಳಿದು ಅವ್ವನ ಕಾಲಿನ ಬಳಿಯೇ ಒಂದು ಮರಿಯನ್ನು ಹಿಡಿಯಿತು. ಹೇಂಟೆ ರೆಕ್ಕೆ ಕೆದರಿ ಅದರ ಮೇಲೆ ಹಾರಿತು. ನಾನು ಬಿದಿರು ಕೋಲಿಗೆ ಓಡಿದೆ. ಅಷ್ಟರಲ್ಲಿ ಅವ್ವ, ಬಿಸಿಲಿಗೆಂದು ತಂದಿದ್ದ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಏಟು ನೆಲಕ್ಕೆ ಬಿತ್ತು, ಛತ್ರಿಯ ಕಡ್ಡಿ ಮುರಿಯಿತು. ಗಿಡುಗ ಮರಿಯನ್ನು ಬಿಟ್ಟು ಎದ್ದಿತು.

ಮರಿಯ ಬೆನ್ನಿನಲ್ಲಿ ರಕ್ತ. ನಾನು ಅದನ್ನು ಎತ್ತಿಕೊಂಡು ಕುಳಿತೆ. ಅವ್ವ ಏದುಸಿರು ಬಿಡುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅರಿಸಿನ ಎಲ್ಲಿಟ್ಟಿದ್ದೀಯ ಎಂದು ಕೇಳಿ, ತಾನೇ ಒಳಗೆ ಹೋಗಿ ತಂದು, ಬೆರಳ ತುದಿಯಿಂದ ಗಾಯಕ್ಕೆ ಹಚ್ಚಿದಳು. ಆಮೇಲೆ ಮೂರು ಸಲ ಸಾಬೂನು ಹಾಕಿ ಕೈ ತೊಳೆದಳು.

ಬಸ್ಸಿಗೆ ಹೊರಟಾಗ, "ನಿಮ್ಮಪ್ಪಗ ನಾ ತಿಳಿಸಿ ಹೇಳತೀನಿ," ಎಂದಷ್ಟೇ ಹೇಳಿದಳು. ನಾನು ಕೋಳಿ ಸಾಕುವುದು ಅವಳಿಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಮನೆಗೆ ಬಾ ಎಂದು ಮತ್ತೆ ಕರೆಯಲಿಲ್ಲ.

ಮಾವಶಿ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದಳು. ನಾಲ್ಕು ಮರಿ ನನ್ನ ಕೈಯಿಂದ ಹೋದವೆಂದು ನಾನೇ ಮೊದಲು ಹೇಳಿಬಿಟ್ಟೆ. ಅವಳು ಬಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ನಾ ಇದ್ದಿದ್ರ ಏಳು ಸುದ್ದಾ ಉಳೀತಿದ್ದಿಲ್ಲ," ಎಂದಳು. ಬೆನ್ನಿನಲ್ಲಿ ಗಾಯದ ಕಲೆಯಿದ್ದ ಮರಿಯನ್ನು ನನಗೇ ಕೊಟ್ಟಳು.

ಈ ವರ್ಷ ಬೆಳಗಾವಿಗೆ ವರ್ಗಾವಣೆ ಕೇಳಿಕೊಳ್ಳಲು ಅವಕಾಶವಿತ್ತು. ನಾನು ಅರ್ಜಿ ಹಾಕಲಿಲ್ಲ. ಗಿಡುಗ ಈಗಲೂ ದಿನಾ ಬರುತ್ತದೆ. ಕಚೇರಿಗೆ ತಡವಾದರೂ ಸರಿ, ಅದು ಹೊಲ ದಾಟಿ ಹೋಗುವವರೆಗೆ ನಾನು ಅಂಗಳ ಬಿಟ್ಟು ಕದಲುವುದಿಲ್ಲ.